ಡಿಕಾಕ್ಷನ್ ಬೇರೆ, ಹಾಲು ಬೇರೆ

ಹೋದ ಸಂಚಿಕೆಯಲ್ಲಿ ತೈವಾನಿನ ಊಲಾಂಗ್ ಹಾಲು ಟೀ ಬಗ್ಗೆ ಒಂದೆರಡು ಸಾಲು ಬರೆದಿದ್ದೆ. ಅಷ್ಟಕ್ಕೇ ಪತ್ರಗಳು ಬಂದು ಬಿದ್ದಿವೆ. ನಮ್ಮ ಯಜಮಾನರಿಗೆ ಸಿಂಚು ಊರಿನ ಚಿಪ್ ಕಂಪನಿಯೊಂದರಲ್ಲಿ ಕೆಲಸವಿದ್ದಾಗ ನಾವು ಕೆಲವು ವರ್ಷ ಅಲ್ಲೇ ಸಂಸಾರ ಹೂಡಿದ್ದೆವು. ಎಲ್ಲಿ ತಿರುಗಿದರೂ ಟೀ ಅಂಗಡಿ ಕಾಣುವ ಊರು ಅದು. ಅಲ್ಲಿ ಕಲಿತದ್ದನ್ನು ಈಗ ಮೈಸೂರಿನಲ್ಲಿ ನಂದಿನಿ ಹಾಲು ಹಾಕಿ ಮಾಡುತ್ತೇನೆ. ಈ ಸಲದ ಅಂಕಣ ಪೂರ್ತಿ ಅದಕ್ಕೇ ಇರಲಿ.

ಪ್ರಶ್ನೆ: ಮೇಡಂ, ಆಫೀಸ್ ಕೆಲಸದ ಮೇಲೆ ತೈಪೆಗೆ ಹೋಗಿದ್ದ ಮಗ ಊಲಾಂಗ್ ಟೀ ಪ್ಯಾಕೆಟ್ ತಂದಿದ್ದಾನೆ. ಎಂದಿನಂತೆ ಹಾಲು, ನೀರು, ಶುಂಠಿ ಹಾಕಿ ಕುದಿಸಿದೆ. ಬಣ್ಣವೂ ಬರಲಿಲ್ಲ, ರುಚಿಯೂ ಇಲ್ಲ. ಎಲೆ ಮಾತ್ರ ಪಾತ್ರೆ ತುಂಬ ಉಬ್ಬಿಕೊಂಡಿತು. ಟೀ ಹಳೆಯದಿರಬಹುದಾ?
— ಗೃಹಿಣಿ, ದಾವಣಗೆರೆ

ಉತ್ತರ: ಟೀ ಚೆನ್ನಾಗಿಯೇ ಇದೆ. ಕುದಿಸಿದ ರೀತಿ ಅದಕ್ಕೆ ಒಗ್ಗಲಿಲ್ಲ, ಅಷ್ಟೆ.

ನಾವು ದಿನಾ ಬಳಸುವ ಟೀಪುಡಿ ಸಿಟಿಸಿ ಜಾತಿಯದು. ಹಲ್ಲಿರುವ ಉರುಳೆಗಳ ನಡುವೆ ಎಲೆಯನ್ನು ಹಾಯಿಸಿ, ಕತ್ತರಿಸಿ, ಹರಿದು, ಸಣ್ಣ ಕಾಳು ಮಾಡಿರುತ್ತಾರೆ. 1930ರ ಸುಮಾರಿಗೆ ಅಸ್ಸಾಮಿನಲ್ಲಿ ಶುರುವಾದ ವಿಧಾನ ಅದು. ಕಾಳು ಸಣ್ಣದು, ಹಾಗಾಗಿ ಎರಡು ಕುದಿ ಬಂದರೆ ಬಣ್ಣ, ಒಗರು ಎಲ್ಲ ಬಿಟ್ಟುಕೊಡುತ್ತದೆ. ಮೇಲೆ ಶುಂಠಿ, ಏಲಕ್ಕಿ ಏನು ಹಾಕಿದರೂ ತಡೆದುಕೊಳ್ಳುತ್ತದೆ.

ಊಲಾಂಗಿನದು ಇಡೀ ಎಲೆ. ಕಿತ್ತ ಎಲೆಯನ್ನು ಬಾಡಿಸಿ, ಬಿದಿರಿನ ತಟ್ಟೆಯಲ್ಲಿ ಅಲುಗಾಡಿಸಿ, ಅಂಚು ಸ್ವಲ್ಪ ನಲುಗುವ ಹಾಗೆ ಮಾಡಿ ಗಾಳಿಗೆ ಬಿಡುತ್ತಾರೆ. ನಲುಗಿದ ಕಡೆ ಎಲೆ ಕಂದು ತಿರುಗುತ್ತದೆ. ಪೂರ್ತಿ ತಿರುಗುವವರೆಗೆ ಬಿಟ್ಟರೆ ಕಪ್ಪು ಟೀ. ತಿರುಗಲು ಬಿಡದೆ ಮೊದಲೇ ಬಿಸಿ ತಾಗಿಸಿದರೆ ಗ್ರೀನ್ ಟೀ. ನಡುದಾರಿಯಲ್ಲಿ ನಿಲ್ಲಿಸಿದ್ದು ಊಲಾಂಗ್. ಆಮೇಲೆ ಬಟ್ಟೆಯಲ್ಲಿ ಬಿಗಿಯಾಗಿ ಕಟ್ಟಿ, ಮತ್ತೆ ಮತ್ತೆ ಉರುಳಿಸಿ, ಎಲೆಯನ್ನು ಸಣ್ಣ ಉಂಡೆ ಮಾಡುತ್ತಾರೆ. ಈ ಉಂಡೆ ಬಿಚ್ಚಿಕೊಳ್ಳಲು ಕುದಿವ ನೀರು ಬೇಕು, ಸಮಯ ಬೇಕು. ಹಾಲಿನೊಳಗೆ ಹಾಕಿದರೆ ಎಲೆಯ ಸಾರ ನಿಧಾನಕ್ಕೆ ಬಿಡುತ್ತದೆ. ಬಿಟ್ಟ ಒಗರನ್ನೂ ಹಾಲಿನ ಪ್ರೋಟೀನು ಹಿಡಿದುಕೊಂಡುಬಿಡುತ್ತದೆ. ಉಳಿದ ಘಮವನ್ನು ಶುಂಠಿ ಮುಚ್ಚಿಹಾಕುತ್ತದೆ. ನಿಮಗೆ ಸಿಕ್ಕಿದ್ದು ಶುಂಠಿ ಹಾಲು.

ಇದನ್ನು ಟೀ ಅಂತ ಮರೆತುಬಿಡಿ. ನಮ್ಮ ಫಿಲ್ಟರ್ ಕಾಫಿ ಅಂದುಕೊಳ್ಳಿ. ಡಿಕಾಕ್ಷನ್ ಬೇರೆ, ಹಾಲು ಬೇರೆ, ಎರಡೂ ಸೇರುವುದು ಲೋಟದಲ್ಲಿ.

ಇಬ್ಬರಿಗೆ 10 ಗ್ರಾಂ ಎಲೆ ತೆಗೆದುಕೊಳ್ಳಿ. ಉಂಡೆ ಎಲೆಯಾದರೆ ಮೂರು ಟೀ ಚಮಚ ತುಂಬ. ಜಾಸ್ತಿ ಆಯಿತು ಅನ್ನಿಸುತ್ತದೆ, ಗೊತ್ತು. ಹಾಗೇ ಕುಡಿಯುವುದಾದರೆ ಇದರ ಅರ್ಧ ಸಾಕಿತ್ತು. ಹಾಲಿಗೆ ಎದುರು ನಿಲ್ಲಬೇಕಾದರೆ ಇಷ್ಟು ಬೇಕೇ ಬೇಕು. ದಪ್ಪ ಗಾಜಿನ ಅಥವಾ ಪಿಂಗಾಣಿಯ ಪಾತ್ರೆಗೆ ಮೊದಲು ಬಿಸಿ ನೀರು ಹಾಕಿ ಚೆಲ್ಲಿ. ತಣ್ಣಗಿನ ಪಾತ್ರೆ ನೀರಿನ ಬಿಸಿ ಕುಡಿದುಬಿಡುತ್ತದೆ. ಎಲೆ ಹಾಕಿ, ಕುದಿಯುತ್ತಿರುವ 300 ಮಿಲಿಲೀಟರ್ ನೀರು ಸುರಿದು, ಮುಚ್ಚಳ ಮುಚ್ಚಿ 6 ನಿಮಿಷ ಬಿಡಿ. ಒಲೆಯ ಮೇಲೆ ಇಡುವುದು ಬೇಡ. ಸೋಸಿ. ಎಲೆ ಹಿಂಡಬೇಡಿ, ಕಹಿ ಇಳಿಯುತ್ತದೆ. ಸಕ್ಕರೆ ಬೇಕಿದ್ದರೆ ಈ ಬಿಸಿ ಡಿಕಾಕ್ಷನ್‌ಗೇ ಹಾಕಿ ಕರಗಿಸಿ. ಕೊನೆಗೆ 120ರಿಂದ 150 ಮಿಲಿಲೀಟರ್ ಬೆಚ್ಚಗಿನ ಹಾಲು. ಎರಡು ಪಾಲು ಟೀ, ಒಂದು ಪಾಲು ಹಾಲು ಅಂತ ನೆನಪಿಟ್ಟುಕೊಂಡರೆ ಆಯಿತು.

ಬಣ್ಣ ನಮ್ಮ ಟೀಯಷ್ಟು ಗಾಢವಾಗಿ ಬರುವುದಿಲ್ಲ. ಬರಲಿ ಅಂತ ಇನ್ನೂ ಐದು ನಿಮಿಷ ನೆನೆಸಲು ಹೋಗಬೇಡಿ. ಮೊದಲು ಮೂಗಿಗೆ ಹುರಿದ ಘಮ, ನುಂಗಿದ ಮೇಲೆ ಗಂಟಲಲ್ಲಿ ತೆಳು ಸಿಹಿ, ಇಷ್ಟು ಸಿಕ್ಕರೆ ಸರಿಯಾಗಿದೆ ಅಂತಲೇ ಅರ್ಥ. ಸೋಸಿದ ಎಲೆಯನ್ನು ಎಸೆಯಬೇಡಿ. ಮತ್ತೊಮ್ಮೆ ಕುದಿವ ನೀರು ಹಾಕಿದರೆ ಹಾಲಿಲ್ಲದೆ ಕುಡಿಯಲು ಇನ್ನೊಂದು ಒಳ್ಳೆಯ ಟೀ ಇಳಿಯುತ್ತದೆ. ನಮ್ಮ ಯಜಮಾನರಿಗೆ ಆ ಎರಡನೆಯದೇ ಇಷ್ಟ. ಹಾಲು ಹಾಕಿದ್ದನ್ನು ಅವರು ಇವತ್ತಿಗೂ ಟೀ ಅಂತ ಒಪ್ಪಿಲ್ಲ.

ಪ್ರಶ್ನೆ: ಆನ್‌ಲೈನಿನಲ್ಲಿ ನೋಡಿದರೆ ಊಲಾಂಗಿನಲ್ಲೇ ಹತ್ತಾರು ಹೆಸರು. ಹಾಲಿಗೆ ಯಾವುದು ಸರಿ? ಬೆಲೆ ಜಾಸ್ತಿ ಇದ್ದದ್ದೇ ತಗೊಳ್ಳಲಾ?
— ಶಾಲಾ ಶಿಕ್ಷಕಿ, ತುಮಕೂರು

ಉತ್ತರ: ಬೇಡ, ದಯವಿಟ್ಟು ಬೇಡ. ಆಲಿಶಾನ್, ಲೀಶಾನ್ ಅಂತ ಬೆಟ್ಟದ ಹೆಸರಿರುವ ದುಬಾರಿ ಟೀಗಳು ಬಹುಮಟ್ಟಿಗೆ ಹಸಿರು ಛಾಯೆಯವು, ಹೂವಿನ ಘಮದವು. ಹಾಲು ಬಿದ್ದ ತಕ್ಷಣ ಆ ಘಮ ಮಾಯ. ದುಡ್ಡು ಕೊಟ್ಟು ಕೊಂಡದ್ದೇ ಆ ಘಮಕ್ಕೆ, ಅಲ್ವಾ? ಅದನ್ನು ಸುಮ್ನೆ ನೀರಿನಲ್ಲಿ ಕುಡಿಯಿರಿ.

ಹಾಲಿಗೆ ಬೇಕಾದ್ದು ಚೆನ್ನಾಗಿ ಹುರಿದ ಎಲೆ. ನಾನ್‌ತೋ ಜಿಲ್ಲೆಯ ಲೂಗು ಕಡೆಯ ಡಾಂಗ್ ಡಿಂಗ್ ಊಲಾಂಗನ್ನು ಹಳೆಯ ಪದ್ಧತಿಯಲ್ಲಿ ಹುರಿದಿದ್ದರೆ ಬಹಳ ಚೆನ್ನ. ಟೈ ಗುವಾನ್ ಯಿನ್ ಇನ್ನೂ ಗಟ್ಟಿ. ಇದರ ಮೂಲ ಚೀನಾದ ಫೂಜಿಯಾನ್ ಪ್ರಾಂತ್ಯದ ಆನ್‌ಶಿ. ತೈವಾನಿನಲ್ಲಿ ತೈಪೆಯ ಪಕ್ಕದ ಮೂಚಾ ಗುಡ್ಡಗಳಲ್ಲಿ ಬೆಳೆದು ಗಾಢವಾಗಿ ಹುರಿಯುತ್ತಾರೆ. 2007ರಲ್ಲಿ ಅಲ್ಲಿನ ಮಾವೊಕೊಂಗ್‌ಗೆ ಕೇಬಲ್ ಕಾರು ಹಾಕಿದರು. ತೈಪೆಗೆ ಹೋದರೆ ಹತ್ತಿ ಬನ್ನಿ. ಮೇಲೆ ಟೀ ಮನೆಗಳು ಸಾಲಾಗಿವೆ, ಕೂತವರನ್ನು ಯಾರೂ ಎಬ್ಬಿಸುವುದಿಲ್ಲ. ಆದರೆ ಅಂಥ ಕಡೆ ಒಳ್ಳೆಯ ಟೀಗೆ ಹಾಲು ಕೇಳಬೇಡಿ. ಹಾಲು ಟೀ ರಸ್ತೆ ಬದಿಯ ಅಂಗಡಿಯ ಮಾಲು, ಕೆಳಗಿಳಿದ ಮೇಲೆ ಕುಡಿದರಾಯಿತು.

ಪ್ಯಾಕೆಟಿನ ಮೇಲೆ ರೋಸ್ಟೆಡ್ ಅಥವಾ ಡಾರ್ಕ್ ಎಂದು ಬರೆದಿರುವ ಮಧ್ಯಮ ಬೆಲೆಯದನ್ನು ತರಿಸಿ. ನಮ್ಮ ಡಾರ್ಜಿಲಿಂಗ್‌ನಲ್ಲೂ ನೀಲಗಿರಿಯಲ್ಲೂ ಕೆಲವು ತೋಟದವರು ಊಲಾಂಗ್ ಮಾಡುತ್ತಾರೆ. ಅವೂ ಆಗುತ್ತವೆ.

ಹಸಿರು ಛಾಯೆಯ ಸಾಧಾರಣ ಎಲೆ ಆಗಲೇ ಮನೆಗೆ ಬಂದಿದ್ದರೆ ನೀವೇ ಹುರಿಯಬಹುದು. ದಪ್ಪ ತಳದ ಬಾಣಲೆ ತೆಗೆದುಕೊಳ್ಳಿ. ಒಗ್ಗರಣೆಯ ವಾಸನೆ ಒಂದಿಷ್ಟೂ ಇರಬಾರದು, ಟೀ ಎಲೆ ಯಾವ ವಾಸನೆಯನ್ನಾದರೂ ಎಳೆದುಕೊಳ್ಳುತ್ತದೆ. ತೀರಾ ಸಣ್ಣ ಉರಿಯಲ್ಲಿ ಎಂಟು ಹತ್ತು ನಿಮಿಷ ಕೈ ಬಿಡದೆ ಆಡಿಸಿ. ಹಸಿ ವಾಸನೆ ಹೋಗಿ ಹುರಿದ ಘಮ ಬಂದಾಗ ತಟ್ಟೆಗೆ ಹರವಿ. ಹೊಗೆ ಬಂತು ಅಂದರೆ ಹೊತ್ತಿತು ಅಂತಲೇ. ಪೂರ್ತಿ ಆರಿದ ಮೇಲೆ ಡಬ್ಬಕ್ಕೆ ತುಂಬಿ.

ಪ್ರಶ್ನೆ: ನನಗೆ ಹಾಲು ಆಗಿಬರುವುದಿಲ್ಲ. ಗೆಳತಿ ‘ಮಿಲ್ಕ್ ಊಲಾಂಗ್’ ಅಂತ ಬರೆದ ಡಬ್ಬ ಕೊಟ್ಟಿದ್ದಾಳೆ. ಅದರಲ್ಲಿ ಹಾಲಿನ ಪುಡಿ ಇರುತ್ತದೆಯೇ ಅಕ್ಕಾ?
— ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಉತ್ತರ: ಅಸಲಿಯಾದರೆ ಒಂದು ಹನಿ ಹಾಲೂ ಇಲ್ಲ. ಜಿನ್ ಶ್ವಾನ್ ಎಂಬ ಟೀ ಗಿಡದ ತಳಿ ಅದು. ತೈವಾನಿನ ಟೀ ಸಂಶೋಧನಾ ಕೇಂದ್ರದವರು ಬೆಳೆಸಿ 1981ರಲ್ಲಿ 12ನೇ ನಂಬರಿನ ತಳಿ ಅಂತ ಬಿಡುಗಡೆ ಮಾಡಿದರು. ಅದರ ಎಲೆಗೆ ಹುಟ್ಟಿನಿಂದಲೇ ಹಾಲು, ಬೆಣ್ಣೆ ನೆನಪಿಸುವ ಒಂದು ಘಮ ಇದೆ. ತೆಳುವಾದ ಘಮ ಅದು. ಡಬ್ಬ ತೆರೆದಾಗಲೇ ಮಿಠಾಯಿ ವಾಸನೆ ಮೂಗಿಗೆ ಹೊಡೆದರೆ ಮೇಲಿನಿಂದ ಸುವಾಸನೆ ಸೇರಿಸಿದ್ದಾರೆ ಅಂತ ಲೆಕ್ಕ. ಆಗ ಡಬ್ಬದ ಮೇಲಿನ ಪದಾರ್ಥಗಳ ಪಟ್ಟಿ ಓದಿಯೇ ಕುಡಿಯಿರಿ, ಕೆಲವು ಸುವಾಸನೆಗಳಲ್ಲಿ ಹಾಲಿನ ಅಂಶ ಇರಬಹುದು. ಹಾಲು ಟೀ ಆಸೆಯಾದರೆ ಓಟ್ಸ್ ಹಾಲು ಹಾಕಿಕೊಳ್ಳಿ, ಹುರಿದ ಊಲಾಂಗಿಗೆ ಚೆನ್ನಾಗಿ ಹೊಂದುತ್ತದೆ. ತೆಂಗಿನ ಹಾಲು ಬೇಡ, ಅದು ಪಾಯಸದ ದಾರಿ ಹಿಡಿಯುತ್ತದೆ.

ಪ್ರಶ್ನೆ: ಅಕ್ಕಾ, ಎಷ್ಟು ಮಾಡಿದರೂ ಮಾಲ್‌ನಲ್ಲಿ ಕುಡಿದ ಹಾಗೆ ನುಣ್ಣಗೆ ಬರುತ್ತಿಲ್ಲ. ಯಾವ ಹಾಲು ಹಾಕಬೇಕು?
— ಕಾಲೇಜು ವಿದ್ಯಾರ್ಥಿನಿ, ಮಂಗಳೂರು

ಉತ್ತರ: ತಂಗಿ, ಅಂಗಡಿಯದು ಎಷ್ಟೋ ಸಲ ಹಾಲೇ ಅಲ್ಲ. ಗಿಡದ ಎಣ್ಣೆಯಿಂದ ಮಾಡಿದ ಕ್ರೀಮರ್ ಪುಡಿ. ಅದಕ್ಕೆ ಹಾಲಿನ ವಾಸನೆ ಇರುವುದಿಲ್ಲ, ಟೀ ಘಮಕ್ಕೆ ಅಡ್ಡ ಬರುವುದಿಲ್ಲ, ನಾಲಿಗೆಗೂ ನುಣ್ಣಗೆ. ತೈವಾನಿನ ಅಂಗಡಿಗಳಲ್ಲಿ ಬರೀ ‘ನಾಯ್ ಚಾ’ ಅಂತ ಕೇಳಿದರೆ ಅನೇಕ ಕಡೆ ಈ ಪುಡಿಯದೇ ಬರುತ್ತದೆ. ನಿಜವಾದ ಹಾಲು ಬೇಕಿದ್ದರೆ ‘ಶಿಯೆನ್ ನಾಯ್ ಚಾ’ ಅನ್ನಬೇಕು, ಅದಕ್ಕೆ ಸ್ವಲ್ಪ ರೇಟು ಜಾಸ್ತಿ. ಮನೆಯಲ್ಲಿ ಕೂತು ಆ ಪುಡಿಯ ರುಚಿಯ ಹಿಂದೆ ಓಡುವುದು ಯಾಕೆ ಅಂತ ನನ್ನ ಅನಿಸಿಕೆ.

ನೀಲಿ ಪ್ಯಾಕೆಟಿನ ನಂದಿನಿಯಲ್ಲಿ ಕೊಬ್ಬು 3 ಶೇಕಡಾ. ಇದಕ್ಕೆ ಸ್ವಲ್ಪ ತೆಳುವಾಯಿತು. ಶುಭಂ 4.5 ಶೇಕಡಾ, ನಾನು ಬಳಸುವುದು ಅದನ್ನೇ. ಎಮ್ಮೆ ಹಾಲು ಟೀಯನ್ನು ಪೂರ್ತಿ ಮುಳುಗಿಸುತ್ತದೆ. ಹಾಲಿನ ಜಾತಿಗಿಂತ ಮುಖ್ಯವಾದ್ದು ಒಂದಿದೆ. ನಮ್ಮ ಮನೆಗಳಲ್ಲಿ ಹಾಲು ಕಾಯಿಸಿದ್ದನ್ನೇ ಮತ್ತೆ ಮತ್ತೆ ಕಾಯಿಸುತ್ತೇವೆ. ಹಾಗೆ ಕಾದ ಹಾಲಿಗೆ ಕಟ್ಟಿದ ಕೆನೆಯ ವಾಸನೆ ಬಂದುಬಿಡುತ್ತದೆ, ನಯವೂ ಹೋಗುತ್ತದೆ. ಬೆಳಗ್ಗೆ ಒಮ್ಮೆ ಕಾಯಿಸಿ, ಆರಿಸಿ, ಕೆನೆ ತೆಗೆದು ಫ್ರಿಜ್ಜಿನಲ್ಲಿಟ್ಟ ಹಾಲನ್ನು ಬಳಸು. ಬೆಚ್ಚಗಾದರೆ ಸಾಕು, ಕುದಿ ಬರುವುದು ಬೇಡ. ಯೂಟ್ಯೂಬಿನಲ್ಲಿ ತೋರಿಸುವ ಡಬ್ಬದ ಗಟ್ಟಿ ಹಾಲು ಹಾಂಗ್‌ಕಾಂಗ್ ಟೀಯದು. ಅಲ್ಲಿ ಬಳಸುವುದು ಕಡು ಕಪ್ಪು ಟೀ, ಅದರ ಲೆಕ್ಕವೇ ಬೇರೆ.

ಪ್ರಶ್ನೆ: ಹಾಲು ಟೀಗೆ ಹಾಕುವ ಅಗಿಯುವ ಗುಂಡುಗಳಿವೆಯಲ್ಲ, ಆ ಬೋಬಾ ಮುತ್ತುಗಳ ಬದಲು ನಮ್ಮ ಸಬ್ಬಕ್ಕಿ ಹಾಕಬಹುದೇ? ಮಕ್ಕಳ ಹಟ.
— ಇಬ್ಬರು ಮಕ್ಕಳ ತಾಯಿ, ಹುಬ್ಬಳ್ಳಿ

ಉತ್ತರ: ಎರಡಕ್ಕೂ ಕಚ್ಚಾ ಮಾಲು ಒಂದೇ, ಮರಗೆಣಸಿನ ಪಿಷ್ಟ. ನಮಗೆ ಬರುವ ಸಬ್ಬಕ್ಕಿ ಹೆಚ್ಚಾಗಿ ತಮಿಳುನಾಡಿನ ಸೇಲಂ ಕಡೆಯದು. ದಪ್ಪ ಸಬ್ಬಕ್ಕಿಯನ್ನು ನೆನೆಸಿ, ಪಾರದರ್ಶಕವಾಗುವವರೆಗೆ ಬೇಯಿಸಿ, ತಣ್ಣೀರಿನಲ್ಲಿ ತೊಳೆದು ಬೆಲ್ಲದ ಪಾಕದಲ್ಲಿ ಬಿಟ್ಟರೆ ಹಟ ಮಾಡುವವರಿಗೆ ಸಾಕು. ಆದರೆ ಮೆತ್ತಗಾಗುತ್ತದೆ, ಅಗಿಯುವ ಸುಖ ಸಿಗುವುದಿಲ್ಲ.

ಅದೇ ಬೇಕೆಂದರೆ ಮರಗೆಣಸಿನ ಪಿಷ್ಟದ ಹಿಟ್ಟನ್ನೇ ಟ್ಯಾಪಿಯೋಕಾ ಸ್ಟಾರ್ಚ್ ಅಂತ ಕೇಳಿ ತನ್ನಿ. 60 ಮಿಲಿಲೀಟರ್ ನೀರಿಗೆ 50 ಗ್ರಾಂ ಬೆಲ್ಲ ಹಾಕಿ ಕುದಿಸಿ, ಸೋಸಿ, ಮತ್ತೆ ಕುದಿ ಬಂದಾಗ 100 ಗ್ರಾಂ ಹಿಟ್ಟಿನಲ್ಲಿ ಒಂದಿಷ್ಟನ್ನು ಹಾಕಿ ಕಲಸಿ. ಅಂಟಂಟಾದ ಮೇಲೆ ಇಳಿಸಿ, ಉಳಿದ ಹಿಟ್ಟು ಸೇರಿಸಿ ಬಿಸಿ ಇರುವಾಗಲೇ ನಾದಿ. ಬೆಲ್ಲದ ಪಾಕ ಕುದಿಯದಿದ್ದರೆ ಹಿಟ್ಟು ಒಂದಕ್ಕೊಂದು ಹಿಡಿಯುವುದೇ ಇಲ್ಲ, ಕೈಯಿಂದ ಜಾರುತ್ತದೆ. ಸಣ್ಣ ಗುಂಡು ಮಾಡಿ, ಒಣ ಹಿಟ್ಟಿನಲ್ಲಿ ಹೊರಳಿಸಿ, ಕುದಿವ ನೀರಿನಲ್ಲಿ 20 ನಿಮಿಷ ಬೇಯಿಸಿ, ಮುಚ್ಚಿ ಇನ್ನೊಂದು 15 ನಿಮಿಷ ಬಿಡಿ. ಆಮೇಲೆ ಪಾಕಕ್ಕೆ ಹಾಕಿ. ಅವತ್ತೇ ತಿಂದು ಮುಗಿಸಿ, ಫ್ರಿಜ್ಜಿನಲ್ಲಿಟ್ಟರೆ ಕಲ್ಲಾಗುತ್ತದೆ. ತೀರಾ ಚಿಕ್ಕ ಮಕ್ಕಳಿಗೆ ಬೇಡ, ದಪ್ಪ ಸ್ಟ್ರಾದಲ್ಲಿ ಎಳೆದಾಗ ಗಂಟಲಿಗೆ ಸಿಕ್ಕಿಕೊಳ್ಳುವ ಭಯವಿದೆ.

ಟೀಗೆ ಈ ಮುತ್ತು ಹಾಕಿದವರು ಯಾರು ಅಂತ ತೈವಾನಿನಲ್ಲೇ ಜಗಳ. 1980ರ ದಶಕದಲ್ಲಿ ನಾವೇ ಮೊದಲು ಮಾಡಿದ್ದು ಅಂತ ತೈಚುಂಗ್‌ನ ಚುನ್ ಶುಯಿ ತಾಂಗ್, ಇಲ್ಲ ನಾವೇ ಅಂತ ತೈನಾನ್‌ನ ಹಾನ್‌ಲಿನ್. ವರ್ಷಗಟ್ಟಲೆ ಕೋರ್ಟು ಅಲೆದರು. 2019ರಲ್ಲಿ ಕೋರ್ಟು ಇಬ್ಬರಿಗೂ ಪಟ್ಟ ಕೊಡದೆ ಕೈಮುಗಿಯಿತು.

ಪ್ರಶ್ನೆ: ಊಲಾಂಗ್ ಕುಡಿದರೆ ತೂಕ ಇಳಿಯುತ್ತದಂತೆ, ನಿಜವೇ?
— ನಿವೃತ್ತ ಬ್ಯಾಂಕ್ ಅಧಿಕಾರಿ, ಶಿವಮೊಗ್ಗ

ಉತ್ತರ: ಸಾರ್, ಹಾಲು ಹಾಕಿ, ಬೆಲ್ಲದ ಪಾಕ ಹಾಕಿ, ಮೇಲೆ ಪಿಷ್ಟದ ಗುಂಡು ಹಾಕಿದ ಮೇಲೆ ಇಳಿಯುವುದು ಪರ್ಸಿನ ತೂಕ ಮಾತ್ರ. ಇನ್ನೊಂದು ವಿಷಯ: ಇಷ್ಟು ಎಲೆ ಹಾಕಿದ ಟೀಯಲ್ಲಿ ಕೆಫೀನ್ ಕಡಿಮೆ ಇರುವುದಿಲ್ಲ. ನಿದ್ದೆಯ ತೊಂದರೆ ಇದ್ದರೆ ಸಂಜೆ ನಾಲ್ಕರ ಒಳಗೆ ಮುಗಿಸಿ. ಮನೆಯಲ್ಲಿ ರಕ್ತಹೀನತೆ ಇರುವವರಿದ್ದರೆ ಊಟದ ಜೊತೆ ಕೊಡಬೇಡಿ. ಸೊಪ್ಪು, ಕಾಳಿನ ಕಬ್ಬಿಣಾಂಶ ಮೈಗೆ ಹತ್ತುವುದಕ್ಕೆ ಟೀ ಅಡ್ಡಿ. ಊಟವಾಗಿ ಒಂದು ಗಂಟೆ ಕಳೆದ ಮೇಲೆ ಆಗಬಹುದು.

ಪ್ರಶ್ನೆ: ನಮ್ಮೂರ ಬಿಸಿಲಿಗೆ ಬಿಸಿ ಟೀ ಯಾರಿಗೆ ಬೇಕು? ತಣ್ಣಗೆ ಮಾಡುವುದು ಹೇಗೆ?
— ಓದುಗರು, ಬಳ್ಳಾರಿ

ಉತ್ತರ: ಬಿಸಿ ಡಿಕಾಕ್ಷನ್‌ಗೆ ಐಸ್ ಹಾಕಿದರೆ ನೀರಾಗುತ್ತದೆ. ಹಾಗೆ ಮಾಡುವುದಾದರೆ ನೀರನ್ನು 300ರ ಬದಲು 200 ಮಿಲಿಲೀಟರ್ ಇಟ್ಟುಕೊಳ್ಳಿ, ಉಳಿದದ್ದನ್ನು ಐಸ್ ತುಂಬಿಕೊಡುತ್ತದೆ. ಇನ್ನೂ ಸುಲಭದ ದಾರಿ ಬೇಕೆಂದರೆ ರಾತ್ರಿ ಮಲಗುವ ಮುಂಚೆ ಒಂದು ಲೀಟರ್ ತಣ್ಣೀರಿಗೆ 15 ಗ್ರಾಂ ಎಲೆ ಹಾಕಿ ಫ್ರಿಜ್ಜಿನಲ್ಲಿಡಿ. ಹಾಲಿಲ್ಲದೆ ಕುಡಿಯಲು 10 ಗ್ರಾಂ ಸಾಕು. ಎಂಟು ಗಂಟೆಯಲ್ಲಿ ಒಗರಿಲ್ಲದ, ಸಿಹಿ ಛಾಯೆಯ ಟೀ ಇಳಿದಿರುತ್ತದೆ. ಇದಕ್ಕೆ ಹಾಲು ಸ್ವಲ್ಪವೇ ಹಾಕಿ, ಕಾಲು ಪಾಲಿಗಿಂತ ಜಾಸ್ತಿ ಬೇಡ. ಸಕ್ಕರೆ ತಣ್ಣಗಿನದರಲ್ಲಿ ಕರಗುವುದಿಲ್ಲ, ಪಾಕ ಮಾಡಿಟ್ಟುಕೊಂಡರೆ ಅನುಕೂಲ. ಹಾಲು ಬೆರೆಸಿದ್ದನ್ನು ಇಡಬೇಡಿ, ಕುಡಿಯುವಾಗಲೇ ಬೆರೆಸಿ. ಬರೀ ಟೀ ಆದರೆ ಫ್ರಿಜ್ಜಿನಲ್ಲಿ ಮರುದಿನದವರೆಗೆ ಚೆನ್ನಾಗಿರುತ್ತದೆ.