ಹಳ್ಳಿ ಪಕ್ಕದ ಹೊಲದಲ್ಲಿ ಸೈಟ್: ಪಂಚಾಯಿತಿ ಖಾತೆ ಇದ್ದರೆ ಸಾಕಾ?

ಊರಿಗೆ ಅಂಟಿಕೊಂಡ ಹೊಲದಲ್ಲಿ 30×40 ಸೈಟ್ ಮಾಡಿ ಮಾರುತ್ತಿದ್ದಾರೆ, ಪಂಚಾಯಿತಿ ಖಾತೆ ಇದೆ ಅಂತಾರೆ, ಅಷ್ಟಿದ್ದರೆ ಮನೆ ಕಟ್ಟಬಹುದಾ ಅಂತ ಕೇಳಿದ್ದೀರಿ. ಸಾಲದು. ಇದೇ ಮಾತು ನಂಬಿ ನಾನೂ ಅಡ್ವಾನ್ಸ್ ಕೊಟ್ಟವನೇ.

ಖಾತೆ ಅಂದರೆ ಕಂದಾಯ ಕಟ್ಟುವ ಲೆಕ್ಕ. ಮನೆ ಕಟ್ಟಲು ಪರವಾನಗಿ ಅಲ್ಲ. ಅದರಲ್ಲೂ ಯಾವ ಖಾತೆ ಅಂತ ಬಿಡಿಸಿ ಕೇಳಿ. ಇ-ಸ್ವತ್ತಿನಲ್ಲಿ (ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆ) ಫಾರಂ 9 ಮತ್ತು 11ಎ ಸಿಗುವುದು ಮುಖ್ಯವಾಗಿ ಗ್ರಾಮಠಾಣದ (ಹಳೇ ಊರಿನ ಜಾಗ) ಒಳಗಿನ ಸೈಟಿಗೆ, ಇಲ್ಲವೇ ಭೂಪರಿವರ್ತನೆಯಾಗಿ (ಹೊಲ ಅಂತ ಇದ್ದದ್ದು ವಸತಿಗೆ ಅಂತ ಬದಲಾಗಿ) ನಕ್ಷೆ ಮಂಜೂರಾದ ಲೇಔಟಿಗೆ. ಹೊಲವನ್ನು ಹಾಗೇ ತುಂಡು ಮಾಡಿದ ರೆವಿನ್ಯೂ ಸೈಟಿಗೆ ಬರುವುದು 11ಬಿ. ನನ್ನದೂ ಅದೇ. ಮಾರಿದವನು "ಎರಡೂ ಒಂದೇ ಸಾರ್, ಅಕ್ಷರ ಬೇರೆ ಅಷ್ಟೇ" ಅಂದಿದ್ದ. ಬ್ಯಾಂಕಿನವರು ಆ ಅಕ್ಷರ ನೋಡಿದ ತಕ್ಷಣ ಫೈಲ್ ವಾಪಸ್ ಕೊಟ್ಟರು.

ಈ ಗ್ರಾಮಠಾಣದ ವಿಷಯದಲ್ಲೇ ಜನ ಜಾಸ್ತಿ ಮೋಸ ಹೋಗುವುದು. ಗ್ರಾಮ ನಕ್ಷೆಯಲ್ಲಿ ಅದರ ಗಡಿ ಗುರುತಾಗಿರುತ್ತದೆ. ಊರು ಬಸ್ ಸ್ಟಾಪಿನವರೆಗೂ ಬೆಳೆದಿರಬಹುದು, ನಕ್ಷೆಯ ಗೆರೆ ಮಾತ್ರ ಅಲ್ಲೇ ಇರುತ್ತದೆ. ಸುತ್ತ ನಾಲ್ಕು ಮನೆ ಎದ್ದಿವೆ ಅಂದ ಮಾತ್ರಕ್ಕೆ ನಿಮ್ಮ ಸೈಟ್ ಗ್ರಾಮಠಾಣಕ್ಕೆ ಸೇರಲ್ಲ. ಆ ಸರ್ವೆ ನಂಬರಿಗೆ ಇವತ್ತಿಗೂ ಪಹಣಿ ಬರುತ್ತಿದೆಯಾ, ಅದರಲ್ಲಿ ರಾಗಿಯೋ ಜೋಳವೋ ಬೆಳೆ ಅಂತ ಇದೆಯಾ ನೋಡಿ. ಇದ್ದರೆ ಅದಿನ್ನೂ ಹೊಲವೇ.

ಹೊಲದಲ್ಲಿ ಮನೆ ಬರಬೇಕಾದರೆ 1964ರ ಭೂಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಪರಿವರ್ತನೆ ಆಗಬೇಕು. ಜನ ಡಿಸಿ ಕನ್ವರ್ಷನ್ ಅನ್ನುವುದು ಇದನ್ನೇ. ಹಳ್ಳಿ ಯಾವುದಾದರೂ ಯೋಜನಾ ಪ್ರಾಧಿಕಾರದ ವ್ಯಾಪ್ತಿಯಲ್ಲಿದ್ದರೆ ಇನ್ನೊಂದು ತಕರಾರಿದೆ: ಮಾಸ್ಟರ್ ಪ್ಲಾನಿನಲ್ಲಿ ಆ ಜಾಗದ ಬಣ್ಣ. ಹಳದಿ ಇದ್ದರೆ ವಸತಿ. ಹಸಿರಿದ್ದರೆ ಕೃಷಿ ವಲಯ, ಅಲ್ಲಿ ಲೇಔಟ್ ಕನಸು ಸದ್ಯಕ್ಕೆ ಮಡಚಿಡಿ. ಆಮೇಲೆ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 17ನೇ ಕಲಂ ಅಡಿ ಲೇಔಟ್ ನಕ್ಷೆಗೆ ಒಪ್ಪಿಗೆ ಬೇಕು. ರಸ್ತೆ, ಪಾರ್ಕ್, ನಾಗರಿಕ ಸೌಲಭ್ಯಕ್ಕೆ ಜಾಗ ಬಿಟ್ಟ ಮೇಲೇ ಸೈಟ್ ಲೆಕ್ಕ. ಕೊನೆಗೆ ಮನೆ ಕಟ್ಟುವ ಪರವಾನಗಿ ಪಂಚಾಯಿತಿಯಿಂದ.

ಮಾರುವವರು ಇದೆಲ್ಲ ಯಾಕೆ ತಪ್ಪಿಸುತ್ತಾರೆ ಅಂದರೆ, ಲೆಕ್ಕ ಸುಲಭ. ಎಕರೆಗೆ 40 ಗುಂಟೆ, ಗುಂಟೆಗೆ 1089 ಚದರಡಿ. ಪಾರ್ಕಿಗೆ ಬಿಟ್ಟ ಗುಂಟೆಯನ್ನು ಮಾರಕ್ಕಾಗಲ್ಲ ಅಲ್ವಾ? ನಮ್ಮಲ್ಲಿ ಬ್ರೋಷರಿನಲ್ಲಿ ಮಕ್ಕಳ ಪಾರ್ಕ್ ಇತ್ತು. ಈಗ ಅಲ್ಲಿ ಒಬ್ಬರ ಎಮ್ಮೆ ಕೊಟ್ಟಿಗೆ ಇದೆ. ಅವರೂ ದುಡ್ಡು ಕೊಟ್ಟೇ ತಗೊಂಡಿದ್ದಾರೆ ಪಾಪ, ಯಾರನ್ನು ಬೈಯೋದು?

ಅಡ್ವಾನ್ಸ್ ಕೊಡುವ ಮುಂಚೆ ಭೂಪರಿವರ್ತನೆ ಆದೇಶ, ಮಂಜೂರಾದ ನಕ್ಷೆ, ಫಾರಂ 9 ಮೂರರ ನಕಲನ್ನೂ ಕೇಳಿ ಇಸ್ಕೊಳ್ಳಿ. ಹಿಡಿದುಕೊಂಡು ನೇರ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಹತ್ತಿರ ಹೋಗಿ, ಸಂಖ್ಯೆ ತಾಳೆ ಆಗುತ್ತದಾ ನೋಡಿ. "ನಕಲು ಆಮೇಲೆ ಕೊಡ್ತೀವಿ, ಮೊದಲು ಟೋಕನ್ ಹಾಕಿ" ಅಂದರೆ ಚಹಾ ಕುಡಿದು ಎದ್ದು ಬನ್ನಿ.