ಟ್ರಿಪಲ್-ಎ ಈಗಲೇ ಬೇಡ ಸರ್

ಸರ್, ಬೆಳಿಗ್ಗೆ ನಿಮ್ಮ ಪೋಸ್ಟ್ ನೋಡಿದಾಗಿಂದ ಸುಮ್ನಿರೋಕೆ ಆಗ್ತಿಲ್ಲ. ಮಗನಿಗೆ ಬರೋ ಆಗಸ್ಟ್ 22ಕ್ಕೆ 8 ತುಂಬುತ್ತೆ, ಬೇಸ್‌ಬಾಲ್ ಮಷಿನ್ ಪಿಚ್‌ನಲ್ಲಿ (ಅಂದ್ರೆ ಯಂತ್ರ ಎಸೆಯೋ ಬಾಲ್) ಬಂದದ್ದನ್ನೆಲ್ಲ ಹೊಡೀತಾನೆ, ಪಕ್ಕದ ಮನೆ ಹುಡುಗ ಮಕ್ಕಳೇ ಬಾಲ್ ಎಸೆಯೋ ಮೇಲಿನ ಡಿವಿಷನ್ ಟ್ರಿಪಲ್-ಎಗೆ ಹೋದ, ನಮ್ಮವನನ್ನೂ ಹಾಕ್ಸೋಕೆ ಮಕ್ಕಳ ಬೇಸ್‌ಬಾಲ್ ಸಂಸ್ಥೆ ಲಿಟಲ್ ಲೀಗ್‌ನ ಬೋರ್ಡಿಗೆ ಹೇಗೆ ಬರೀಬೇಕು ಅಂತ ಕೇಳಿದೀರಿ. ಅದೇ ಈಮೇಲನ್ನ ನಾಲ್ಕು ವರ್ಷದ ಹಿಂದೆ ನಾನು ಬರೆದಿದ್ದೆ. ಒಂದಲ್ಲ, ಮೂರು. ಮೇಲಿನ ಕಾಮೆಂಟಲ್ಲಿ ಇಬ್ರು "ಹಾಕಿ ಸರ್, ಚಾಲೆಂಜ್ ಇರ್ಬೇಕು" ಅಂದಿದಾರೆ. ಅವರ ಮಕ್ಕಳು ಇನ್ನೂ ಸ್ಟ್ಯಾಂಡ್ ಮೇಲಿಟ್ಟ ಬಾಲ್ ಹೊಡೆಯೋ ಟೀ-ಬಾಲ್ ಆಡ್ತಿದಾರೆ, ಅದು ಗಮನದಲ್ಲಿರಲಿ.

ಮೊದಲು ಆ ಪಕ್ಕದ ಮನೆ ಲೆಕ್ಕ ಬಿಡಿ. ಅವನ ಬರ್ತ್‌ಡೇ ಸೆಪ್ಟೆಂಬರ್ 5 ಅಂತ ನೀವೇ ಬರೆದಿದೀರಿ, ಅಂದ್ರೆ ಹೋದ ಸೆಪ್ಟೆಂಬರ್‌ಗೇ ಅವನಿಗೆ 8 ತುಂಬಿದೆ. ಲೀಗ್ ಏಜ್, ಅಂದ್ರೆ ಲೀಗ್ ಲೆಕ್ಕದ ವಯಸ್ಸು, ನೋಡೋದು ಸೀಸನ್ ನಡೆಯೋ ವರ್ಷದ ಆಗಸ್ಟ್ 31ಕ್ಕೆ, ಹಾಗಾಗಿ ಇಬ್ರೂ ಲೀಗ್ ಏಜ್ 8. ಕ್ಯಾಲಿಫೋರ್ನಿಯಾದಲ್ಲಿ ಸ್ಕೂಲ್ ಕಟ್-ಆಫ್ ಸೆಪ್ಟೆಂಬರ್ 1 ಆಗಿರೋದ್ರಿಂದ ಇಬ್ರೂ ಸೆಕೆಂಡ್ ಗ್ರೇಡೇ. ಆದರೆ ಮಾರ್ಚ್‌ನಲ್ಲಿ ಸೀಸನ್ ಶುರುವಾಗುವಾಗ ಅವನಿಗೆ ಎಂಟೂವರೆ, ನಿಮ್ಮವನಿಗೆ ಏಳೂವರೆ. ಹೆಚ್ಚುಕಡಿಮೆ ಒಂದು ವರ್ಷದ ಮೂಳೆ, ಒಂದು ವರ್ಷದ ಊಟ ವ್ಯತ್ಯಾಸ. ನಮ್ಮವನು ಜುಲೈನಲ್ಲಿ ಹುಟ್ಟಿದವನು. ನನಗೂ ಆಗ ಇದು ಹೊಳೀಲಿಲ್ಲ.

ನಮ್ಮ ಕಥೆ ಹೇಳ್ತೀನಿ. ಮಕ್ಕಳ ಆಟ ಅಳೆಯೋ ಇವಾಲ್ಯುಯೇಷನ್ ದಿನ ಮಷಿನ್‌ನಿಂದ ಬಂದ ಐದಕ್ಕೆ ಐದೂ ಹೊಡೆದ. ಹಿತ್ತಲಲ್ಲಿ ಟೆನಿಸ್ ಬಾಲ್ ಕ್ರಿಕೆಟ್ ಆಡಿ ಬೆಳೆದವನು, ಎತ್ತರದ ಕ್ಯಾಚೂ ಹಿಡಿದ. ನನ್ನ ಎದೆ ಉಬ್ಬಿಹೋಯ್ತು. ಮಕ್ಕಳನ್ನ ತಂಡಗಳಿಗೆ ಹಂಚೋ ಪ್ಲೇಯರ್ ಏಜೆಂಟ್ ಪಾಪ ಫೋನ್ ಮಾಡಿ "ಇನ್ನೊಂದು ವರ್ಷ ಕಾಯಿರಿ" ಅಂದ್ರು. ನಾನು ಕೇಳಬೇಕಲ್ಲ! ಟ್ರಿಪಲ್-ಎಗೆ ಹಾಕಿಸ್ದೆ. ಎರಡನೇ ಗೇಮ್, ಎದುರಿಗೆ ಬಾಲ್ ಎಸೆಯೋಕೆ ಹತ್ತು ವರ್ಷದ ಪಿಚ್ಚರ್, ನನ್ನ ಭುಜದೆತ್ತರ ಇದ್ದ. ಬಾಲ್ ನೇರ ಪಕ್ಕೆಲುಬಿಗೆ. ಮೂಳೆಗೇನೂ ಆಗ್ಲಿಲ್ಲ, ಒಂದು ವಾರ ನೀಲಿ ಕಲೆ ಇತ್ತು ಅಷ್ಟೆ. ಕಲೆ ಹೋಯ್ತು, ಹೆದರಿಕೆ ಹೋಗ್ಲಿಲ್ಲ. ಆಮೇಲೆ ಪಿಚ್ಚರ್ ಕೈ ಎತ್ತಿದ ಕೂಡಲೇ ಇವನ ಮುಂದಿನ ಕಾಲು ಥರ್ಡ್ ಬೇಸ್ ಕಡೆ, ಅಂದ್ರೆ ಬಾಲ್‌ನಿಂದ ದೂರ, ಓಡೋದು. ಇಡೀ ಸೀಸನ್‌ಗೆ ಎರಡು ಹಿಟ್. ನಿಯಮದ ಪ್ರಕಾರ ಪ್ರತಿ ಮಗುವಿಗೂ ಕನಿಷ್ಠ ಆರು ಔಟ್ ಆಗೋಷ್ಟು ಹೊತ್ತು ಫೀಲ್ಡಿಂಗ್, ಒಂದು ಬ್ಯಾಟಿಂಗ್ ಕೊಡ್ಲೇಬೇಕು. ಕೋಚ್ ಅಷ್ಟು ಕೊಡ್ತಿದ್ರು, ಮಿಕ್ಕಿದ್ದು ಬೆಂಚು. ರೈಟ್ ಫೀಲ್ಡಲ್ಲಿ ನಿಂತು ಹುಲ್ಲು ಕೀಳ್ತಿದ್ದ. ಒಂದು ಮೆಟ್ಟಿಲು ಕೆಳಗಿನ ಡಬಲ್-ಎನಲ್ಲೇ ಉಳಿದ ಅವನ ಗೆಳೆಯರು ಒಂದೊಂದು ಗೇಮಿಗೆ ಮೂರು ನಾಲ್ಕು ಸಲ ಬ್ಯಾಟ್ ಹಿಡೀತಿದ್ರು.

ಏಪ್ರಿಲ್ ಹೊತ್ತಿಗೆ ಪ್ರತಿ ಶನಿವಾರ ಬೆಳಿಗ್ಗೆ ಹೊಟ್ಟೆನೋವು. ನಾಟಕ ಅಂತ ಗದರಿಸಿ ಕಾರು ಹತ್ತಿಸಿದ್ದೂ ಉಂಟು. ಡಾಕ್ಟರ್ ನೋಡಿ ಏನಿಲ್ಲ ಅಂದ್ರು. ಭಾನುವಾರ ಯಾಕೆ ನೋಯಲ್ಲ ಅಂತ ನನ್ನ ಹೆಂಡ್ತಿ ಕೇಳಿದ ಮೇಲೆ ನನಗೆ ಅರ್ಥ ಆಗಿದ್ದು. ಮುಂದಿನ ಸ್ಪ್ರಿಂಗ್ ಅವನು ಆಡಲೇ ಇಲ್ಲ.

ಮಷಿನ್ ಪಿಚ್ ನೋಡಿ ಕಿಡ್ ಪಿಚ್ ಅಳೆಯೋಕೆ ಆಗಲ್ಲ. ಮಷಿನ್ ಒಂದೇ ಜಾಗಕ್ಕೆ, ಒಂದೇ ವೇಗದಲ್ಲಿ ಎಸೆಯುತ್ತೆ. ಒಂಬತ್ತು-ಹತ್ತರ ಹುಡುಗನಿಗೆ ತಾನು ಎಸೆದದ್ದು ಎಲ್ಲಿ ಹೋಗುತ್ತೆ ಅಂತ ಅವನಿಗೇ ಗೊತ್ತಿರಲ್ಲ. 46 ಅಡಿಯಿಂದ ಗಂಟೆಗೆ 45 ಮೈಲಿ ಬಂತು ಅಂದ್ರೆ ಮುಕ್ಕಾಲು ಸೆಕೆಂಡೂ ಸಿಗಲ್ಲ. ನಮ್ಮ ಕ್ರಿಕೆಟ್ ಪಿಚ್‌ಗೆ ಹೋಲಿಸಿದ್ರೆ ತೊಂಬತ್ತು-ನೂರು ಕಿಲೋಮೀಟರ್ ವೇಗದ ಫುಲ್‌ಟಾಸ್ ಇದ್ದಹಾಗೆ. ಏಳೂವರೆ ವರ್ಷದವನಿಗೆ ಅದನ್ನ ಹಾಕ್ತೀರಾ?

ಇನ್ನು, ಬ್ಯಾಟಿಂಗ್ ನೋಡಿ ಡಿವಿಷನ್ ತೀರ್ಮಾನ ಮಾಡೋದೇ ತಪ್ಪು. ನೋಡಬೇಕಾದ್ದು ಕ್ಯಾಚಿಂಗ್. ಟ್ರಿಪಲ್-ಎನ ಶಾರ್ಟ್‌ಸ್ಟಾಪ್ (ಸೆಕೆಂಡ್, ಥರ್ಡ್ ಬೇಸ್ ನಡುವಿನ ಫೀಲ್ಡರ್) ಫಸ್ಟ್ ಬೇಸಿಗೆ ಎಸೆದಾಗ ಮುಖ ತಿರುಗಿಸದೆ ಗ್ಲೌಸಲ್ಲಿ ಹಿಡಿದ್ರೆ ಮಾತ್ರ ಅವನು ತಯಾರು. ಇಲ್ಲಾಂದ್ರೆ ಹಲ್ಲು ಹೋಗುತ್ತೆ. ದೊಡ್ಡ ಹುಡುಗನ ಜೊತೆ ಹತ್ತು ನಿಮಿಷ ಥ್ರೋ ಮಾಡ್ಸಿ, ಗೊತ್ತಾಗುತ್ತೆ. ಮತ್ತೆ, "ನಾನು ಮೇಲೆ ಹೋಗ್ತೀನಿ" ಅಂತ ಅವನು ಕೇಳಿದಾನಾ? ನಿಮ್ಮ ಪೋಸ್ಟಲ್ಲಿ ಅವನ ಮಾತೇ ಇಲ್ಲ, ಬರೀ ಪಕ್ಕದ ಮನೆಯವರ ಮಾತಿದೆ.

ಹಾಕಲೇಬೇಕು ಅಂತಿದ್ರೆ ಸ್ಪ್ರಿಂಗಲ್ಲಿ ಬೇಡ, ಶರತ್ಕಾಲದ ಸೀಸನ್ ಫಾಲ್ ಬಾಲ್‌ನಲ್ಲಿ ಹಾಕಿ ನೋಡಿ. ನಮ್ಮ ಕಡೆ ಫಾಲ್‌ನಲ್ಲಿ ಪಾಯಿಂಟ್ಸ್ ಟೇಬಲ್ ಇಲ್ಲ, ಮುಂದಿನ ವರ್ಷದ ಡಿವಿಷನ್ನಲ್ಲೇ ಆಡಿಸ್ತಾರೆ, ಕೋಚ್‌ಗಳಿಗೂ ತಲೆಬಿಸಿ ಕಡಿಮೆ. ನಮ್ಮವನು ವಾಪಸ್ ಬಂದಿದ್ದೂ ಹಾಗೇ. ನಿಮ್ಮ ಲೀಗಲ್ಲಿ ಬೇರೆ ಇರಬಹುದು, ಕೇಳಿಕೊಳ್ಳಿ. ಪೋನಿ ಅನ್ನೋ ಇನ್ನೊಂದು ಮಕ್ಕಳ ಲೀಗ್ ಆದ್ರಂತೂ ಲೆಕ್ಕವೇ ಬೇರೆ: ಶೆಟ್‌ಲೆಂಡ್, ಪಿಂಟೊ, ಮಸ್ಟ್ಯಾಂಗ್, ಬ್ರಾಂಕೊ ಅಂತ ಕುದುರೆ ಹೆಸರಲ್ಲಿ ಎರಡೆರಡು ವರ್ಷದ ಗುಂಪು. ಅಲ್ಲಿ ಮೊದಲ ವರ್ಷದವನು ಒದ್ದಾಡ್ತಾನೆ, ಎರಡನೇ ವರ್ಷ ಮೆರೀತಾನೆ. ಅದು ಸಹಜ.

ಹೆದರಿಕೆ ಬಿಡಿಸೋಕೆ ನಾನು ಮಾಡಿದ್ದು ಹೇಳ್ತೀನಿ, ಮೇಲೆ ಹಾಕ್ಲಿ ಬಿಡ್ಲಿ ಎಲ್ಲರಿಗೂ ಬೇಕಾಗುತ್ತೆ. ಹಳೇ ಟೆನಿಸ್ ಬಾಲ್ ಇಪ್ಪತ್ತು. ಸ್ಕೆಚ್ ಪೆನ್ನಲ್ಲಿ 1ರಿಂದ 4ರವರೆಗೆ ದಪ್ಪ ಅಂಕಿ ಬರೆದ್ವಿ. ಮೊದಲ ವಾರ ಬ್ಯಾಟೇ ಬೀಸೋದಿಲ್ಲ, ಬಾಲ್ ದಾಟೋ ಮುಂಚೆ ಅಂಕಿ ಕೂಗಬೇಕು. ಎರಡನೇ ವಾರ ಹತ್ತರಲ್ಲಿ ಎರಡು ಮೂರನ್ನ ಬೇಕಂತಲೇ ಮೈ ಮೇಲೆ ಎಸೀತಿದ್ದೆ, ಯಾವುದು ಅಂತ ಹೇಳ್ತಿರ್ಲಿಲ್ಲ. ಪೆಟ್ಟನ್ನ ಬೆನ್ನಿಗೆ ತಗೊಳೋದು ಕಲೀಬೇಕು: ಗಲ್ಲ ಎದೆಗೆ, ಮುಂದಿನ ಭುಜ ಬ್ಯಾಟರ್ ಹಿಂದೆ ಕೂರೋ ಕ್ಯಾಚರ್ ಕಡೆ ತಿರುಗಿಸಿ ಪಿಚ್ಚರ್‌ಗೆ ಬೆನ್ನು ತೋರಿಸಬೇಕು, ಬ್ಯಾಟ್ ಕೆಳಗೆ. ಎದೆ ತೆರೆದು ಹಿಂದಕ್ಕೆ ಹಾರೋ ಮಗುವಿಗೇ ಜೋರಾಗಿ ಬೀಳೋದು. ಕಾಲು ಓಡದಿರಲಿ ಅಂತ ಹಿಮ್ಮಡಿ ಹಿಂದೆ ಮನೆಯ ಡೋರ್‌ಮ್ಯಾಟ್ ಸುತ್ತಿ ಇಟ್ಟಿದ್ದೆ. ಮರದ ತುಂಡು ಇಡ್ಬೇಡಿ, ಕಾಲು ಉಳುಕುತ್ತೆ. ಹೆಲ್ಮೆಟ್ ಹಾಕಿಯೇ ಇರ್ಬೇಕು. ಮೆಲ್ಲಗೆ ಎಸೀರಿ, ನಿಮ್ಮ ಗಲ್ಲಿ ಕ್ರಿಕೆಟ್ ಬೌಲಿಂಗ್ ತೋರಿಸೋ ಜಾಗ ಅಲ್ಲ ಅದು. ಬಿದ್ದಾಗ ನಗಬೇಡಿ. ಇಪ್ಪತ್ತಾದ ಮೇಲೆ ನಿಲ್ಲಿಸಿ, ಅವನು ಇನ್ನೂ ಬೇಕು ಅಂದ್ರೂ ಸರಿ. ಆರು ವಾರ ಹಿಡೀತು ನಮಗೆ. ಮೊದಲನೇ ವಾರದಲ್ಲೇ ನಾನು ಕೈಬಿಡೋನಿದ್ದೆ.

ಬ್ಯಾಟ್ ಬಗ್ಗೆ. ಡಿವಿಷನ್ನೇ ಗೊತ್ತಿಲ್ಲದೆ 30 ಇಂಚಿನ ಬ್ಯಾಟ್ ತಗೊಂಡಿದೀರಲ್ಲ, ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸಿದ ಹಾಗಾಯ್ತು. ಅದೂ ಫೋಟೋದಲ್ಲಿ ಯುಎಸ್‌ಎಸ್‌ಎಸ್‌ಎ ಮುದ್ರೆ ಕಾಣ್ತಿದೆ. ಅದು ಊರೂರು ತಿರುಗಿ ಟೂರ್ನಮೆಂಟ್ ಆಡೋ ಟ್ರಾವೆಲ್ ಬಾಲ್‌ಗೆ. ಲಿಟಲ್ ಲೀಗಲ್ಲಿ 2018ರಿಂದ ಯುಎಸ್‌ಎ ಬೇಸ್‌ಬಾಲ್ ಮುದ್ರೆ ಇರೋದೇ ಬೇಕು, ಅಂಪೈರ್ ಕಣ್ಣಿಗೆ ಬಿದ್ರೆ ಮಗು ಔಟ್. ಹಿಡಿಯ ಪ್ಲಾಸ್ಟಿಕ್ ಬಿಚ್ಚಿಲ್ಲ ಅಂದ್ರೆ ಇವತ್ತೇ ವಾಪಸ್ ಮಾಡಿ. ಏಳೆಂಟು ವರ್ಷಕ್ಕೆ 26 ಅಥವಾ 27 ಇಂಚು, ಡ್ರಾಪ್ 10ಕ್ಕಿಂತ ಭಾರ ಬೇಡ (ಡ್ರಾಪ್ ಅಂದ್ರೆ ಉದ್ದದ ಇಂಚಿಗೂ ತೂಕದ ಔನ್ಸಿಗೂ ಇರೋ ವ್ಯತ್ಯಾಸ). ಈಸ್ಟನ್‌ನ ಸಾದಾ ಅಲ್ಯುಮಿನಿಯಂ ಬ್ಯಾಟ್ ಧಾರಾಳ ಸಾಕು. ಮುನ್ನೂರು ಡಾಲರ್‌ದು ಮುಂದಿನ ವರ್ಷ ಚಿಕ್ಕದಾಗುತ್ತೆ. ದುಡ್ಡು ಗ್ಲೌಸ್ ಮೇಲೆ ಹಾಕಿ. ಅಂಗಡಿಯಲ್ಲಿ ನೇತುಹಾಕಿರೋ ಗಟ್ಟಿ ಪ್ಲಾಸ್ಟಿಕ್ ಗ್ಲೌಸ್ ಮಡಚೋಕೇ ಆಗಲ್ಲ, ಅದರಲ್ಲಿ ಯಾರಿಗೂ ಕ್ಯಾಚ್ ಬರಲ್ಲ. ರಾಲಿಂಗ್ಸ್ ಅಥವಾ ವಿಲ್ಸನ್‌ನ ಮೆತ್ತನೆ ಚರ್ಮದ್ದು, ಸೆಕೆಂಡ್ ಹ್ಯಾಂಡ್ ಆದ್ರೆ ಇನ್ನೂ ಒಳ್ಳೇದು, ಬೇರೆಯವರು ಪಳಗಿಸಿರ್ತಾರೆ.

ಹಾಂ, ಹೊಡೆದ ಮೇಲೆ ಬ್ಯಾಟ್ ಕೆಳಗೆ ಹಾಕದೆ ಹಿಡ್ಕೊಂಡೇ ಓಡ್ತಾನೆ ಅಂದಿದೀರಿ. ಕ್ರಿಕೆಟ್ ಮನೆ ಮಕ್ಕಳೆಲ್ಲ ಓಡ್ತಾರೆ, ಅದು ಬಿಡೋಕೆ ಒಂದು ಸೀಸನ್ ಬೇಕು.

ಟ್ರಿಪಲ್-ಎಗೆ ಹೋದ ಮೇಲೆ ಪಿಚ್ ಮಾಡೋಕೆ ಕರೀತಾರೆ. 8 ವರ್ಷದವರೆಗೆ ದಿನಕ್ಕೆ 50, 9-10 ವರ್ಷಕ್ಕೆ 75 ಪಿಚ್ (ಎಸೆತ) ಮಿತಿ. 20 ದಾಟಿದ್ರೆ ಒಂದು ದಿನ, 35 ದಾಟಿದ್ರೆ ಎರಡು ದಿನ ರೆಸ್ಟ್. 41 ಎಸೆದವನನ್ನ ಅವತ್ತು ಕ್ಯಾಚರ್ ಮಾಡೋ ಹಾಗಿಲ್ಲ. ಗೆಲ್ಲೋ ಹುಚ್ಚಲ್ಲಿ ಇದನ್ನ "ಮರೆಯೋ" ಅಪ್ಪಂದಿರನ್ನ ನಾನು ಕಣ್ಣಾರೆ ನೋಡಿದೀನಿ. ಎಣಿಸೋ ಕೆಲಸಕ್ಕೆ ನೀವೇ ಕೂತ್ಕೊಳ್ಳಿ, ಬೈಯೋ ಹೊತ್ತಾದ್ರೂ ಉಳಿಯುತ್ತೆ.

ಬೋರ್ಡಿಗೆ ಇನ್ನೂ ಕಳಿಸಿಲ್ಲ ತಾನೆ? ಫ್ರೀಮಾಂಟ್ ಕಡೆಯವರಾದ್ರೆ ಶನಿವಾರ ಹತ್ತು ಗಂಟೆಗೆ ಸೆಂಟ್ರಲ್ ಪಾರ್ಕಿಗೆ ಮಗನನ್ನ ಕರ್ಕೊಂಡು ಬನ್ನಿ. ಅಂಕಿ ಬರೆದ ಬಾಲ್‌ಗಳು ಇನ್ನೂ ಗ್ಯಾರೇಜಲ್ಲಿವೆ, ನಮ್ಮವನೇ ಎಸೀತಾನೆ, ಈಗ ಅವನಿಗೆ 12. ಚಡ್ಡಿಯೊಳಗಿನ ಗಾರ್ಡ್ ಹಾಕಿಸೋದು ಮಾತ್ರ ಮರೀಬೇಡಿ.