ಒಲಿಂಪಿಕ್ಸ್ ಭದ್ರತೆಗೆ ಬೇರೆ ದೇಶಗಳ ನೆರವು ಏಕೆ ಬೇಕು?

ಆತಿಥೇಯ ದೇಶದ ಬಳಿ ಎಷ್ಟೇ ಪೊಲೀಸರಿದ್ದರೂ, ಹೊರಗಿನಿಂದ ಬರುವವರಲ್ಲಿ ಯಾರು ಅಪಾಯಕಾರಿ ಎಂಬ ಮಾಹಿತಿ ಬಹುಮಟ್ಟಿಗೆ ಅವರವರ ದೇಶದ ಕಡತಗಳಲ್ಲೇ ಇರುತ್ತದೆ. ನೆರವು ಬೇಕಾಗುವುದು ಅದಕ್ಕೇ. ಕ್ರೀಡಾಂಗಣದ ಬಾಗಿಲಲ್ಲಿ ಚೀಲ ತಪಾಸಿಸುವುದು ಕೊನೆಯ ಕಾವಲು ಮಾತ್ರ. ತಡೆ ಗಡಿಯಲ್ಲೇ ಆಗಬೇಕು. ಕಳೆದುಹೋದ, ಕಳವಾದ ಪಾಸ್‌ಪೋರ್ಟ್‌ಗಳ ವಿವರವನ್ನು ಸದಸ್ಯ ದೇಶಗಳು ಅಂತರರಾಷ್ಟ್ರೀಯ ಪೊಲೀಸ್ ಸಂಸ್ಥೆಯಾದ ಇಂಟರ್‌ಪೋಲ್‌ನ ದತ್ತಾಂಶ ಸಂಗ್ರಹಕ್ಕೆ ಸೇರಿಸುತ್ತವೆ. ಗಡಿಯ ಅಧಿಕಾರಿ ಪಾಸ್‌ಪೋರ್ಟ್ ಸಂಖ್ಯೆಯನ್ನು ಅಲ್ಲಿ ಹುಡುಕಿದರೆ, ಎಲ್ಲೋ ದೂರದ ದೇಶದಲ್ಲಿ ದಾಖಲಾದ ಕಳವು ಕೆಲವೇ ಕ್ಷಣಗಳಲ್ಲಿ ಕಣ್ಣಿಗೆ ಬೀಳುತ್ತದೆ. ಒಂದು ದೇಶ ವಿವರ ಕೊಡಲು ತಡಮಾಡಿದರೂ ಬಲೆಯಲ್ಲಿ ತೂತು ಬಿದ್ದಂತೆಯೇ.

1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಇಸ್ರೇಲ್ ತಂಡದ 11 ಮಂದಿ ಹತರಾದರು. ಮರೆಯುವಂಥ ನೋವಲ್ಲ ಅದು. 2004ರ ಅಥೆನ್ಸ್ ಕ್ರೀಡಾಕೂಟದ ಹೊತ್ತಿಗೆ ಏಳು ದೇಶಗಳ ಭದ್ರತಾ ತಜ್ಞರ ಗುಂಪು ಗ್ರೀಸ್‌ಗೆ ಸಲಹೆ ನೀಡುತ್ತಿತ್ತು.